ಐದು ನಿಮಿಷದ ಬೆಂಚು

ಐದು ನಿಮಿಷ ಸುಮ್ಮನೆ ಕೂಡುವುದು ಎಂಥ ಕಷ್ಟದ ಕೆಲಸ ಎಂದು ತಿಳಿಯಬೇಕಾದರೆ ನಮ್ಮ ಶಹಾಪುರ ಕಡೆಯವರನ್ನು ಒಂದು ಬೆಂಚಿನ ಮೇಲೆ ಕೂಡಿಸಿ ನೋಡಬೇಕು. ಮೊದಲನೆಯ ನಿಮಿಷ ತಪ್ಪಿದ ಬಸ್ಸಿನ ಸುದ್ದಿ. ಎರಡನೆಯದು ಕಾಲುವೆಗೆ ನೀರು ಬಿಟ್ಟರೋ ಇಲ್ಲವೋ ಎಂಬ ಸುದ್ದಿ. ಮೂರನೆಯದಕ್ಕೆ ಪಕ್ಕದಲ್ಲಿ ಕೂತವರ ಬೀಗರು ಯಾವ ಊರಿನವರು ಎಂಬ ವಿಚಾರಣೆ ಶುರುವಾಗುತ್ತದೆ. ನಾಲ್ಕನೆಯದು ಮುಗಿಯುವಷ್ಟರಲ್ಲಿ ಇಬ್ಬರೂ ಯಾವುದೋ ಸುತ್ತಿನಿಂದ ಸಂಬಂಧಿಕರಾಗಿಬಿಟ್ಟಿರುತ್ತಾರೆ. ಇಂಥ ಜನರನ್ನು ವರ್ಷಗಟ್ಟಲೆ ಬಾಯಿ ಮುಚ್ಚಿಸಿ ಕೂಡಿಸಿದ ಒಬ್ಬಾಕೆ ನನಗೆ ಗೊತ್ತಿದ್ದರು. ಹೋದ ತಿಂಗಳು ಸುರಪುರದ ತಮ್ಮ ಮನೆಯಲ್ಲಿ ತೀರಿಕೊಂಡರು.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಇದ್ದಲ್ಲಿಂದಲೇ ಬೈಯುವ ಪೈಕಿ ಅವರು. ನಾವು ಜೊತೆಯವರೆಲ್ಲ ‘ದೊಡ್ಡ ಸಿಸ್ಟರ್’ ಅನ್ನುತ್ತಿದ್ದೆವು, ಹಳ್ಳಿಯವರು ‘ದೊಡ್ಡ ನರ್ಸಮ್ಮ’ ಅನ್ನುತ್ತಿದ್ದರು. ಎತ್ತರದಲ್ಲಿ ನನ್ನ ಭುಜಕ್ಕೂ ಬರುತ್ತಿರಲಿಲ್ಲ, ಆದರೂ ದೊಡ್ಡವರು.

ಆಗ ನಾನು ಶಹಾಪುರದ ಹೊರಗಿದ್ದ ಒಂದು ಟ್ರಸ್ಟಿನ ದವಾಖಾನೆಯ ಲ್ಯಾಬಿನಲ್ಲಿ ರಕ್ತ ತೆಗೆಯುವ, ಪರೀಕ್ಷೆ ಮಾಡುವ ಕೆಲಸಕ್ಕಿದ್ದೆ. ಇಪ್ಪತ್ತು ಹಾಸಿಗೆ, ಒಬ್ಬರೇ ಡಾಕ್ಟರು, ಒಂದು ಜೀಪು. ಜೀಪು ಹೆಚ್ಚಾಗಿ ರಿಪೇರಿಯಲ್ಲೇ ಇರುತ್ತಿತ್ತು. ಈಗ ಆ ದವಾಖಾನೆ ಇಲ್ಲ, ಕಟ್ಟಡದಲ್ಲಿ ಬೀಜ ಗೊಬ್ಬರದ ಅಂಗಡಿ ಇದೆ. ಆದರೆ ಕಾಲುವೆ ಬಂದು, ಜೋಳದ ಹೊಲಗಳೆಲ್ಲ ನೆಲ್ಲಿನ ಗದ್ದೆಗಳಾಗಿ, ಹೆಣ್ಣುಮಕ್ಕಳು ಟ್ರ್ಯಾಕ್ಟರ್ ಟ್ರಾಲಿಯಲ್ಲಿ ತುಂಬಿಕೊಂಡು ನಾಟಿ ಹಚ್ಚಲು ಹೋಗುತ್ತಿದ್ದ ಆ ವರ್ಷಗಳಲ್ಲಿ ನಮ್ಮಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ.

ಬಿಪಿ ನೋಡುವ ಕೋಣೆ ದೊಡ್ಡ ಸಿಸ್ಟರದು. ಅದರ ಹೊರಗೆ ಗೋಡೆಗೆ ತಾಗಿ ಒಂದು ಉದ್ದನೆಯ ಕಟ್ಟಿಗೆಯ ಬೆಂಚು. ಬಿಪಿ ನೋಡಿಸಬೇಕಾದವರು ಮೊದಲು ಅದರ ಮೇಲೆ ಐದು ನಿಮಿಷ ಕೂಡಬೇಕು. ಚಪ್ಪಲಿ ಬಿಟ್ಟು, ಎರಡೂ ಪಾದ ನೆಲಕ್ಕೆ ಊರಿ, ಬೆನ್ನು ಗೋಡೆಗೆ ಹಚ್ಚಿ, ಕೈ ಬಿಚ್ಚಿ ತೊಡೆಯ ಮೇಲಿಟ್ಟು. ಮಾತಾಡುವಂತಿಲ್ಲ. ಮಾತಾಡಿದರೆ ಮತ್ತೆ ಮೊದಲಿನಿಂದ ಐದು ನಿಮಿಷ.

“ಕಾಲ ಮ್ಯಾಲ ಕಾಲು ಹಾಕಬ್ಯಾಡ್ರಿ. ಇದು ನಿಮ್ಮ ಮನಿ ಕಟ್ಟಿ ಅಲ್ಲ” ಎಂದು ಒಳಗಿನಿಂದಲೇ ಕೂಗುತ್ತಿದ್ದರು. ಹೊರಗೆ ಬಂದು ನೋಡದೆ ಅವರಿಗೆ ಹೇಗೆ ಗೊತ್ತಾಗುತ್ತಿತ್ತೋ ನನಗೆ ಕೊನೆಗೂ ತಿಳಿಯಲಿಲ್ಲ.

ಒಮ್ಮೆ ಒಬ್ಬ ಪುಢಾರಿ ಬಂದ. ಬಿಳಿ ಬಟ್ಟೆ, ಹಿಂದೆ ನಾಲ್ಕು ಮಂದಿ. ಬೆಂಚು ನೋಡಿ, “ನನಗ ಕುಂಡ್ರಾಕ ಪುರಸತ್ತಿಲ್ರಿ ಸಿಸ್ಟರ್, ಜಲ್ದಿ ನೋಡಿಬಿಡ್ರಿ” ಅಂದ.

“ನಿಮಗ ಪುರಸತ್ತಿಲ್ಲಂದ್ರ ಹೋಗಿ ಬರ್ರಿ. ನಿಮ್ಮ ಬಿಪಿ ಎಲ್ಲೂ ಹೋಗಂಗಿಲ್ಲ, ನಿಮ್ಮ ಜೋಡಿನಾ ಬರ್ತದ.”

ಅವನು ಕೂತ. ಹಿಂದಿದ್ದ ನಾಲ್ಕು ಮಂದಿಯನ್ನೂ ಕೂಡಿಸಿದರು. ಅವರಲ್ಲಿ ಇಬ್ಬರಿಗೆ ಬಿಪಿ ಇತ್ತು, ಪುಢಾರಿಗೆ ಇರಲಿಲ್ಲ. ಅವನಿಗೆ ಅದು ಅಷ್ಟು ಸರಿ ಬಂದಂತೆ ಕಾಣಲಿಲ್ಲ, ತನ್ನಂಥವನಿಗೆ ಬಿಪಿ ಇರಬೇಕಿತ್ತು ಅನ್ನುವ ಮುಖ ಮಾಡಿಕೊಂಡು ಹೋದ.

ಅವರ ಕೋಣೆಯ ಕಿಟಕಿಯಿಂದ ಶಹಾಪುರದ ಗುಡ್ಡ ಕಾಣುತ್ತಿತ್ತು, ಬುದ್ಧ ಮಲಗಿದಂತಿರುವ ಗುಡ್ಡ. ಸಿಸ್ಟರ ಮನೆತನ ಬುದ್ಧನನ್ನು ನಂಬುವ ಮನೆತನ. ಆದರೆ ಅವರು ಧರ್ಮದ ಮಾತು ಆಡಿದ್ದನ್ನು ನಾನು ಕೇಳಿದ್ದು ಒಂದೇ ರೀತಿಯಲ್ಲಿ. ಮೈ ಬಿಗಿ ಹಿಡಿದು ಕೂತ ರೋಗಿಗೆ ಕಿಟಕಿ ತೋರಿಸಿ, “ಅಲ್ಲಿ ನೋಡ್ರಿ, ಹ್ಯಾಂಗ ಮಕ್ಕೊಂಡಾನ. ಆತಗ ಬಿಪಿ ಇಲ್ಲ. ನೀವೂ ಹಾಂಗ ಮೈ ಸಡಲ ಬಿಡ್ರಿ” ಅನ್ನುತ್ತಿದ್ದರು. ಆಮೇಲೆ ಪಾದರಸದ ಬಿಪಿ ಡಬ್ಬಿ ತೆರೆದು ಒಂದು ಕೈ ನೋಡಿ, ಇನ್ನೊಂದು ಕೈ ನೋಡಿ, ಮತ್ತೆ ಮೊದಲಿನ ಕೈ ನೋಡುತ್ತಿದ್ದರು. “ಸಿಸ್ಟರಿಗಿ ಒಂದು ಕೈ ಸಾಲಂಗಿಲ್ಲ” ಎಂದು ಊರವರು ನಗುತ್ತಿದ್ದರು.

ಒಳ್ಳೆಯವರು ಎಂದು ಬರೆದು ಮುಗಿಸುವಂಥ ಹೆಂಗಸಲ್ಲ ಅವರು. ಬೇರೆಯವರ ಜೋಕಿಗೆ ನಗುತ್ತಿರಲಿಲ್ಲ. ಯಾರನ್ನೂ ಹೊಗಳಿದ್ದು ನಾನು ಕಾಣೆ. ದಿನಾ ಸುರಪುರದಿಂದ ಮೊದಲ ಬಸ್ಸಿಗೆ ಬರುತ್ತಿದ್ದರು, ಬಂದ ಕೂಡಲೇ ಕಂಡಕ್ಟರನ ಮೇಲಿನ ಸಿಟ್ಟನ್ನು ನಮ್ಮ ಮೇಲೆ ತೀರಿಸುತ್ತಿದ್ದರು. ಊರಿಗೆಲ್ಲ ಉಪ್ಪು ಕಡಿಮೆ ಮಾಡಿ ಎಂದು ಹೇಳಿ, ಮಧ್ಯಾಹ್ನ ಡಬ್ಬಿ ಬಿಚ್ಚಿ ಜೋಳದ ರೊಟ್ಟಿ, ಪುಂಡಿ ಪಲ್ಯದ ಜೊತೆ ಅಂಗೈಯಷ್ಟು ಮಾವಿನ ಉಪ್ಪಿನಕಾಯಿ ಹಾಕಿಕೊಂಡು ತಿನ್ನುತ್ತಿದ್ದರು. ನಾನು ನೋಡಿದ್ದು ಕಂಡರೆ, “ಏನು ನೋಡ್ತಿ? ನಾ ಹೇಳೋದು ನೌಕರಿ, ತಿನ್ನೋದು ನಾಲಿಗಿ” ಅನ್ನುತ್ತಿದ್ದರು.

ಆದರೆ ಒಂದು ದಿನದ ಸಂಗತಿ ಹೇಳಬೇಕು. ಕೊಂಕಲ್ ಕಡೆಯ ಒಬ್ಬ ಹೆಣ್ಣುಮಗಳು ಮೂರನೆಯ ಸಲ ಬಂದು ಬೆಂಚಿನ ಮೇಲೆ ಕೂತಿದ್ದಳು. ಬಿಪಿ ಸರಿಯಾಗಿತ್ತು, ಮೊದಲ ಎರಡು ಸಲವೂ ಸರಿಯಾಗಿಯೇ ಇತ್ತು.

“ನಿನಗ ಏನೂ ಇಲ್ಲವಾ. ಮತ್ಯಾಕ ಬರ್ತಿ?” ಅಂದರು ಸಿಸ್ಟರ್.

“ಸುಮ್ಮ ಕುಂಡ್ರಾಕ್ರಿ. ಮನ್ಯಾಗ ಯಾರೂ ಸುಮ್ಮ ಕುಂಡ್ರಾಕ ಬಿಡಂಗಿಲ್ಲ.”

ಸಿಸ್ಟರ್ ಎದ್ದರು. ಹೊರಗೆ ಬಂದು ಬೆಂಚಿನ ತುದಿಯಲ್ಲಿ ಅವಳಿಗೆ ಜಾಗ ಮಾಡಿಕೊಟ್ಟರು. ಅವಳು ಬಸ್ಸಿನ ಹೊತ್ತಿನವರೆಗೆ ಕೂತು ಹೋದಳು. ಆಮೇಲೂ ಬರುತ್ತಿದ್ದಳು, ಚೀಟಿ ಮಾಡಿಸದೆ.

ಇನ್ನು ನನ್ನ ಅಕ್ಕನ ವಿಷಯ. ಅದನ್ನು ಬಿಟ್ಟು ಸಿಸ್ಟರ ಬಗ್ಗೆ ಬರೆದರೆ ಸುಳ್ಳು ಬರೆದಂತೆ.

ಅಕ್ಕನನ್ನು ದೋರನಹಳ್ಳಿಗೆ ಕೊಟ್ಟಿತ್ತು. ಬಾಯಿ ಜೋರು. ನಮ್ಮ ಓಣಿಯಲ್ಲಿ ಅವಳು ಮಾತಾಡಲು ನಿಂತರೆ ಕಾಗೆಗಳು ಕೂಡ ಬೇರೆ ಗಿಡ ನೋಡಿಕೊಳ್ಳುತ್ತವೆ ಎಂದು ಅಪ್ಪ ಅನ್ನುತ್ತಿದ್ದ. ನಾಟಿಯಲ್ಲಿ ಅವಳದೇ ಮೊದಲ ಸಾಲು. ಮೂವತ್ತೆರಡನೆಯ ವಯಸ್ಸಿಗೆ ತಲೆನೋವು ಶುರುವಾಯಿತು, ನೋಡಿದರೆ ಬಿಪಿ ಇನ್ನೂರರ ಹತ್ತಿರ. ಗುಳಿಗೆ ಕೊಟ್ಟರು. ಇಳಿಯಲಿಲ್ಲ. ಇನ್ನೊಂದು ಗುಳಿಗೆ ಸೇರಿಸಿದರು. ಇಳಿಯಲಿಲ್ಲ. ಅದರ ಮೇಲೆ ಕಾಲಲ್ಲಿ ಬಲವೇ ಇಲ್ಲದಂತಾಗಿ, ಗದ್ದೆಯಲ್ಲಿ ಬಗ್ಗಿದವಳು ಎದ್ದು ನಿಲ್ಲಲಾಗದೆ ಕೆಸರಲ್ಲೇ ಕೂತುಬಿಡುತ್ತಿದ್ದಳು.

ನಮ್ಮ ಕಡೆ ಬಿಪಿ ಅಂದರೆ ಸಿಟ್ಟು ಎಂದೇ ಲೆಕ್ಕ. ಅಕ್ಕನ ಬಾಯಿ ಗೊತ್ತಿದ್ದವರಿಗೆ ಬೇರೆ ಕಾರಣ ಹುಡುಕುವ ಅಗತ್ಯ ಬೀಳಲಿಲ್ಲ. “ಸಿಟ್ಟು ಬಿಡು, ಬಿಪಿ ತಾನಾ ಇಳೀತದ” ಎಂದು ಬಂದವರೆಲ್ಲ ಬುದ್ಧಿ ಹೇಳಿದರು. ಅದನ್ನು ಕೇಳಿ ಕೇಳಿ ಅವಳಿಗೆ ಇನ್ನಷ್ಟು ಸಿಟ್ಟು ಬರುತ್ತಿತ್ತು. ಅವಳ ಅತ್ತೆ ಕೊಡೇಕಲ್‌ಗೆ ಕರೆದುಕೊಂಡು ಹೋಗಿ ಹರಕೆ ಹೊತ್ತು ಬಂದಳು. ಉಪ್ಪಿನ ಗಡಿಗೆಯನ್ನು ಅಡುಗೆಮನೆಯಿಂದ ತೆಗೆದು ತನ್ನ ಪೆಟ್ಟಿಗೆಯೊಳಗೆ ಇಟ್ಟು ಕೀಲಿ ಹಾಕಿದಳು. ಅಕ್ಕ ಆರು ತಿಂಗಳು ಸಪ್ಪನೆಯ ಬೇಳೆ ಉಂಡಳು. ಆದರೂ ಬಿಪಿ ಹಾಗೇ ಇದ್ದಾಗ ಅತ್ತೆಗೆ ಅನುಮಾನ ಬಂತು, ಇವಳು ನೆರೆಮನೆಯಲ್ಲಿ ಉಪ್ಪು ಕದ್ದು ತಿನ್ನುತ್ತಾಳೆ ಎಂದು. ನಮ್ಮ ಡಾಕ್ಟರ್ ಸಾಹೇಬರ ಅನುಮಾನ ಬೇರೆ, ಗುಳಿಗೆ ನುಂಗುತ್ತಿಲ್ಲ ಎಂದು. ಮತ್ತೆ ನಾನು? ದವಾಖಾನೆಯಲ್ಲಿ ಕೆಲಸ ಮಾಡುವ ತಂಗಿ, ಎಲ್ಲ ತಿಳಿದವಳು. ಡಾಕ್ಟರು ಅಂದದ್ದನ್ನೇ ಇನ್ನಷ್ಟು ಖಾರ ಹಚ್ಚಿ ಅಂದೆ.

“ಖರೇ ಹೇಳಕ್ಕ, ಗುಳಿಗಿ ಎಲ್ಲಿ ಒಗೀತಿ?”

ಅಕ್ಕ ನನ್ನ ಮುಖ ನೋಡಿದಳು. ಬೈಯಲಿಲ್ಲ. ಅವಳು ಬೈಯದೆ ಇದ್ದದ್ದು ಅದೇ ಮೊದಲು, ನನಗೆ ಅದರ ಅರ್ಥವಾಗಲಿಲ್ಲ.

ಸಿಸ್ಟರ್ ಅವಳನ್ನು ಬೆಂಚಿನ ಮೇಲೆ ಕೂಡಿಸಿದ ದಿನ ದೊಡ್ಡ ತಮಾಷೆ. ಅಕ್ಕ ಮೂರು ಸಲ ಮಾತಾಡಿದಳು, ಮೂರು ಸಲವೂ ಮೊದಲಿನಿಂದ ಐದು ನಿಮಿಷ. ನಾಲ್ಕನೆಯ ಸಲ ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತಳು. ಆಮೇಲೆ ಬಿಪಿ ನೋಡಿದ ಸಿಸ್ಟರ್ ನಗಲಿಲ್ಲ. ಎರಡೂ ಕೈ ನೋಡಿದರು, ಮಲಗಿಸಿ ನೋಡಿದರು. ಆಮೇಲೆ ಡಾಕ್ಟರ ಹತ್ತಿರ ಹೋಗಿ, ಇವಳನ್ನು ನಾಲ್ಕು ದಿನ ಇಲ್ಲೇ ಇಟ್ಟುಕೊಳ್ಳೋಣ ಅಂದರು.

ಆ ನಾಲ್ಕು ದಿನ ಗುಳಿಗೆಯನ್ನು ತಾವೇ ಅವಳ ಬಾಯಿಗೆ ಹಾಕಿದರು. ನೀರು ಕುಡಿಸಿ, ನಾಲಿಗೆ ಎತ್ತಿಸಿ ನೋಡಿದರು. ಊಟ ದವಾಖಾನೆಯದೇ. ಐದನೆಯ ದಿನ ಬೆಳಿಗ್ಗೆ ಬಿಪಿ ಇದ್ದಲ್ಲೇ ಇತ್ತು.

ಸಿಸ್ಟರ್ ಡಾಕ್ಟರ ಟೇಬಲ್ಲಿನ ಮುಂದೆ ನಿಂತು ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. “ಈಕಿ ಸುಳ್ಳು ಹೇಳಾಕತ್ತಿಲ್ರಿ ಸಾಹೇಬ್ರ. ಗುಳಿಗಿ ಹೊಟ್ಟ್ಯಾಗ ಹೋಗ್ಯಾವ, ನಾ ನೋಡೀನಿ. ಬಿಪಿ ಇಳಿದಿಲ್ಲ. ಕಾಲು ಬ್ಯಾರೆ ನಿಲ್ಲವಲ್ವು. ಪೊಟ್ಯಾಸಿಯಂ ನೋಡಿಸ್ರಿ.”

ಸಿಸ್ಟರ್ ಹರೆಯದಲ್ಲಿ ಹೈದರಾಬಾದಿನಲ್ಲಿ ಕಿಡ್ನಿ ವಾರ್ಡಿನಲ್ಲಿ ಎಂಟು ವರ್ಷ ಕೆಲಸ ಮಾಡಿದವರು. ಪೊಟ್ಯಾಸಿಯಂ ಅಂದರೆ ರಕ್ತದಲ್ಲಿರುವ ಒಂದು ಲವಣ. “ಅದು ಜಾಸ್ತಿ ಆದ್ರ ಎದಿ ನಿಲ್ತದ, ಕಡಿಮಿ ಆದ್ರ ಕಾಲು ನಿಲ್ಲಂಗಿಲ್ಲ” ಎಂದು ಅವರು ಹೇಳುತ್ತಿದ್ದರು. ನಮ್ಮ ಲ್ಯಾಬಿನಲ್ಲಿ ಅದನ್ನು ನೋಡುವ ಮಶೀನು ಇರಲಿಲ್ಲ. ರಕ್ತ ತೆಗೆದು, ಹತ್ತಿ ಸುತ್ತಿ, ಥರ್ಮಾಸಿನಲ್ಲಿಟ್ಟು ಬಸ್ಸಿನ ಕಂಡಕ್ಟರನ ಕೈಯಲ್ಲಿ ಗುಲಬರ್ಗಾಕ್ಕೆ ಕಳಿಸಬೇಕು.

ಅಕ್ಕನ ರಕ್ತ ನಾನೇ ತೆಗೆದೆ. ಅವಳ ನರ ಸಿಗುವುದು ಕಷ್ಟ. ತೋಳಿಗೆ ರಬ್ಬರ್ ಪಟ್ಟಿ ಬಿಗಿದು, “ಮುಷ್ಟಿ ಹಿಡಿ ಅಕ್ಕ, ಬಿಚ್ಚು, ಹಿಡಿ, ಜೋರಾಗಿ ಹಿಡಿ” ಎಂದು ಹತ್ತಿಪ್ಪತ್ತು ಸಲ ಮಾಡಿಸಿದೆ. ನಮ್ಮಲ್ಲಿ ಎಲ್ಲರಿಗೂ ಹಾಗೇ ಮಾಡಿಸುತ್ತಿದ್ದೆ. ನನಗೆ ಕೆಲಸ ಕಲಿಸಿದವರು ಹಾಗೇ ಕಲಿಸಿದ್ದರು, ಹಳ್ಳಿಯವರು ಕೂಡ ಕುರ್ಚಿಯ ಮೇಲೆ ಕೂತ ಕೂಡಲೇ ಹೇಳುವ ಮೊದಲೇ ಮುಷ್ಟಿ ಹಿಡಿದು ಬಿಚ್ಚಲು ಶುರು ಮಾಡುತ್ತಿದ್ದರು. ನರ ಉಬ್ಬಿ ಬಂದಾಗ ನನಗೆ ಹೆಮ್ಮೆ. ನನ್ನ ಕೈಯಲ್ಲಿ ಎರಡನೆಯ ಸಲ ಚುಚ್ಚಿಸಿಕೊಂಡವರಿಲ್ಲ ಎಂದು ಹೇಳಿಕೊಂಡು ತಿರುಗುತ್ತಿದ್ದೆ.

ಮೂರು ದಿನಕ್ಕೆ ರಿಪೋರ್ಟು ಬಂತು. ನಾಲ್ಕು ಪಾಯಿಂಟ್ ಒಂದು. ಎಲ್ಲ ಸರಿ ಇದೆ. ಡಾಕ್ಟರು ಸಿಸ್ಟರ ಕಡೆ ಒಮ್ಮೆ ನೋಡಿದರು, ಗುಳಿಗೆ ಹೆಚ್ಚು ಮಾಡಿ ಅಕ್ಕನನ್ನು ಮನೆಗೆ ಕಳಿಸಿದರು. ಅತ್ತೆ ಬಸ್ಸಿನಲ್ಲೇ ಎಲ್ಲರಿಗೂ ಹೇಳಿದಳಂತೆ, “ರಿಪೋರ್ಟಿನ್ಯಾಗ ಬಂದದ್ರಿ, ಈಕಿಗಿ ಏನೂ ಆಗಿಲ್ಲಂತ. ಬರೇ ನಾಟಕ.”

ಹದಿನೈದು ದಿನ ಕಳೆದಿರಬೇಕು. ಅಕ್ಕ ಹೊಲಗಾಲುವೆ ದಾಟುವಾಗ ಕಾಲು ಸೋತು ಮುಖ ಕೆಳಗಾಗಿ ನೀರಲ್ಲಿ ಬಿದ್ದಳು. ಪಾದ ಮುಳುಗುವಷ್ಟು ನೀರು. ಆದರೆ ಏಳಲು ಕೈಯಲ್ಲೂ ಬಲ ಇಲ್ಲದವಳಿಗೆ ಅಷ್ಟೇ ಸಾಕಾಗಿತ್ತು. ನಾಟಿಯ ಹೆಣ್ಣುಮಕ್ಕಳು ನೋಡಿ ಎಳೆದು ಹಾಕಿದರು. ಸುದ್ದಿ ಕೇಳಿ ನಾನು ಲ್ಯಾಬಿನ ಮೂಲೆಯಲ್ಲಿ ನಿಂತು ಅತ್ತುಬಿಟ್ಟೆ. ಹೀಗೇ ಬಿಟ್ಟರೆ ನೀರಲ್ಲಿ ಸಾಯುತ್ತಾಳೆ, ಇಲ್ಲವೇ ಆ ಬಿಪಿಗೆ ತಲೆಯಲ್ಲಿ ನರ ಒಡೆದು ಸಾಯುತ್ತಾಳೆ ಎಂದು ನನಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಎಲ್ಲರ ಬಾಯಲ್ಲಿ ನಾಟಕದವಳು ಅನ್ನಿಸಿಕೊಂಡು ಸಾಯುತ್ತಾಳೆ ಎಂಬುದನ್ನು ತಡೆದುಕೊಳ್ಳಲಾಗಲಿಲ್ಲ.

ಮರುದಿನ ನಾನು ಒಬ್ಬ ಮುದುಕನ ರಕ್ತ ತೆಗೆಯುತ್ತಿದ್ದೆ. “ಮುಷ್ಟಿ ಹಿಡಿ ಮುತ್ಯಾ, ಬಿಚ್ಚು, ಹಿಡಿ.” ತಲೆ ಎತ್ತಿದರೆ ಸಿಸ್ಟರ್ ಬಾಗಿಲಲ್ಲಿ ನಿಂತಿದ್ದರು. ಮುದುಕ ಹೋಗುವವರೆಗೆ ಅಲ್ಲೇ ನಿಂತರು. ಆಮೇಲೆ ಒಳಗೆ ಬಂದು ಬಾಗಿಲು ಮುಂದೆ ಮಾಡಿದರು.

“ನಿಮ್ಮಕ್ಕಂದೂ ಹಿಂಗಾ ತಗದಿಯೇನು?”

“ಹೌದ್ರಿ. ಆಕಿದು ನರ ಸಿಗಂಗಿಲ್ಲಂತ ಇನ್ನೂ ಜಾಸ್ತಿ ಮಾಡಿಸಿದ್ದೆ.”

ಸಿಸ್ಟರ್ ಸ್ಟೂಲಿನ ಮೇಲೆ ಕೂತರು. ಅವರು ಕೂಗಾಡುತ್ತಾರೆ ಎಂದುಕೊಂಡೆ. ಮೆಲ್ಲಗೆ ಮಾತಾಡಿದರು.

“ಪಟ್ಟಿ ಕಟ್ಟಿ ಮುಷ್ಟಿ ಆಡಿಸಿದ್ರ ತೋಳಿನ ಮಾಂಸದಾಗಿನ ಪೊಟ್ಯಾಸಿಯಂ ರಕ್ತಕ್ಕ ಇಳೀತದ. ಪಟ್ಟಿ ಬಿಗದಿರ್ತದ, ಅದು ಅಲ್ಲೇ ನಿಂತಿರ್ತದ. ನೀ ಸೂಜಿ ಹಾಕಿ ಅದನ್ನಾ ಜಗ್ಗಿ ತಗೀತಿ. ಇಡೀ ಮೈಯಾಗ ಇಲ್ಲದ್ದು ನಿನ್ನ ಶೀಶೆದಾಗ ಬಂದದ. ಕಿಡ್ನಿ ವಾರ್ಡಿನ್ಯಾಗ ನಾ ಇದಕ್ಕ ಎಷ್ಟು ಬೈಸಿಕೊಂಡೀನಿ ಅಂತ ನಿನಗ ಗೊತ್ತಿಲ್ಲ.”

ನನ್ನ ಅಕ್ಕನನ್ನು ಸುಳ್ಳಿ ಮಾಡಿದ್ದು ನನ್ನ ಕೈ. ನಾನು ಹೆಮ್ಮೆ ಪಡುತ್ತಿದ್ದ ಕೈ.

ಎರಡನೆಯ ಸಲ ಅಕ್ಕನನ್ನು ಕರೆಸಿದಾಗ ಸಿಸ್ಟರ್ ಅವಳ ಬಿಚ್ಚಿದ ಅಂಗೈಯನ್ನು ತಮ್ಮ ಅಂಗೈ ಮೇಲೆ ಇಟ್ಟುಕೊಂಡು ಕೂತರು. ಅವಳು ಅಭ್ಯಾಸಬಲದಿಂದ ಬೆರಳು ಮಡಚಲು ಹೋದಾಗಲೆಲ್ಲ ತಮ್ಮ ಹೆಬ್ಬೆರಳಿನಿಂದ ಬಿಚ್ಚುತ್ತಿದ್ದರು. ನಾನು ನರ ಹುಡುಕಿ ಸೂಜಿ ಹಾಕಿದ ಕೂಡಲೇ ಪಟ್ಟಿ ಸಡಿಲಿಸಿ, ತಡೆದು, ಆಮೇಲೆ ರಕ್ತ ಜಗ್ಗಿದೆ. ಮೂರು ಸಲ ಚುಚ್ಚಬೇಕಾಯಿತು. ಆಮೇಲೆ ಶೀಶೆಯನ್ನು ನಾನು ಮಶೀನಿನಲ್ಲಿ ತಿರುಗಿಸಿ, ಕೆಂಪು ಕೆಳಗೆ ಕೂತ ಮೇಲೆ ಮೇಲಿನ ತಿಳಿಯನ್ನಷ್ಟೇ ಬೇರೆ ಮಾಡಿ ಬಸ್ಸಿಗೆ ಕೊಟ್ಟು ಬಂದೆ. ಅದೂ ಸಿಸ್ಟರ್ ಹೇಳಿದ್ದೇ. ಹಾಗೇ ಕಳಿಸಿದರೆ ಹಾದಿಯಲ್ಲಿ ಕುಲುಕಿ ಕೆಡುತ್ತದೆಯಂತೆ. ನಾನು ಬರುವ ಹೊತ್ತಿಗೆ ಅವರಿಬ್ಬರೂ ಬೆಂಚಿನ ಮೇಲೆ ಕೂತಿದ್ದರು, ಅಕ್ಕ ಸುಮ್ಮನಿದ್ದಳು.

ರಿಪೋರ್ಟು ಬಂತು. ಎರಡು ಪಾಯಿಂಟ್ ಏಳು. ಮೂರೂವರೆಗಿಂತ ಕೆಳಗೆ ಇಳಿಯಬಾರದು ಅದು.

ಡಾಕ್ಟರು ಚಾಳೀಸು ತೆಗೆದು ಒರೆಸಿ ಮತ್ತೊಮ್ಮೆ ನೋಡಿದರು. “ಹಿಂದಿನ ಸಲ ನಾಲ್ಕರ ಮೇಲಿತ್ತಲ್ಲ, ಹೇಗಾಯಿತು ಇದು?” ಅಂದರು. ಅವರು ದಕ್ಷಿಣದ ಕಡೆಯವರು, ಸಿಟ್ಟು ಬಂದರೂ ಮೆಲ್ಲಗೇ ಮಾತಾಡುವವರು. ನಾನು ನೆಲ ನೋಡುತ್ತ ನಿಂತೆ. ಟ್ರಸ್ಟಿನ ದವಾಖಾನೆ, ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

“ಬಸ್ಸಿನ್ಯಾಗ ಕುಲುಕ್ಯಾಡಿ ಕೆಟ್ಟಿರಬೇಕ್ರಿ” ಅಂದರು ಸಿಸ್ಟರ್. “ನೆಲ್ಲಿನ ಲಾರಿ ತಿರುಗಾಡಿ ಆ ರೋಡು ಏನಾಗ್ಯಾದ ನೋಡೀರಲ್ಲ.”

ಡಾಕ್ಟರು ನೋಡಿದ್ದರು. ಎಲ್ಲರೂ ನೋಡಿದ್ದರು. ಅದನ್ನು ಯಾರೂ ಎರಡನೆಯ ಸಲ ಕೇಳಲಿಲ್ಲ, ಮುಂದೆ ವರ್ಷಗಟ್ಟಲೆ ದೋರನಹಳ್ಳಿಯಲ್ಲಿ ಬಸ್ಸು ಕುಲುಕಿ ರಿಪೋರ್ಟು ಕೆಟ್ಟ ಕತೆ ಓಡಾಡಿತು.

ಹೊರಗೆ ಬಂದ ಮೇಲೆ ಸಿಸ್ಟರ್ ನನ್ನ ಕಡೆ ತಿರುಗದೆ ಅಂದರು, “ಅರ್ಧ ಖರೇನಾ ಅದ ಅದು. ಡಾಕ್ಟರಿಗಿ ನಾ ಹೇಳೀನಿ. ನಿಮ್ಮಕ್ಕಗ ನೀ ಹೇಳು.”

“ಹೇಳ್ತೀನ್ರಿ” ಅಂದೆ. ಹೇಳಲಿಲ್ಲ.

ಅಕ್ಕನನ್ನು ಹೈದರಾಬಾದಿಗೆ ಕಳಿಸಿದರು. ಅಲ್ಲಿ ಸ್ಕ್ಯಾನಿನಲ್ಲಿ ಕಂಡದ್ದು ಎಡಗಡೆಯ ಕಿಡ್ನಿಯ ಮೇಲಿನ ಗ್ರಂಥಿಯಲ್ಲಿ ಒಂದು ಕಡಲೆಕಾಳಿನಷ್ಟು ಗಂಟು. ಕ್ಯಾನ್ಸರಿನ ಗಂಟಲ್ಲ, ಆದರೆ ಸುಮ್ಮನಿರುವ ಗಂಟೂ ಅಲ್ಲ. ಅದರಿಂದ ಆಲ್ಡೋಸ್ಟೆರಾನ್ ಎಂಬ ಹಾರ್ಮೋನು ಹದ ಮೀರಿ ಹರಿಯುತ್ತಿತ್ತು.

ಸಿಸ್ಟರ್ ಇದನ್ನು ಅತ್ತೆಗೆ ತಿಳಿಸಿ ಹೇಳಿದ್ದು ಆ ಬೆಂಚಿನ ಮೇಲೆಯೇ. ಅತ್ತೆ ಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

“ಕಿಡ್ನಿ ಮ್ಯಾಲ ಟೊಪಿಗಿ ಇಟ್ಟಂಗ ಒಂದು ಸಣ್ಣ ಗ್ರಂಥಿ ಇರ್ತದವ್ವ. ನಿನಗೂ ಅದ, ನನಗೂ ಅದ. ಅದರಾಗ ಒಂದು ರಸ ಆಗ್ತದ. ಉಪ್ಪು ಹಿಡಿ, ಪೊಟ್ಯಾಸಿಯಂ ಹೊರಗ ಹಾಕು ಅಂತ ಕಿಡ್ನಿಗಿ ಹುಕುಂ ಕೊಡೋದು ಅದರ ಕೆಲಸ. ಅದಿಲ್ಲದ ಬದಕಾಕ ಆಗಂಗಿಲ್ಲ. ನಿನ್ನ ಸೊಸಿಗಿ ಅದು ಜಾಸ್ತಿ ಆಗ್ಯಾದ. ಸ್ಟಿರಾಯ್ಡ್ ಅಂತಾರಲ್ಲ, ಅದರ ಬಳಗದ ರಸ.”

“ಸ್ಟಿರಾಡು ಅಂದ್ರ ಮೊಣಕಾಲ ಬ್ಯಾನಿಗಿ ಚುಚ್ತಾರಲ್ರಿ, ಅದಲ್ಲೇನು? ಈಕಿಗಿ ಯಾರು ಚುಚ್ಯಾರ?”

“ಯಾರೂ ಚುಚ್ಚಿಲ್ಲ. ಮೈಯಾಗ ತಾನಾ ಆಗೋದು ಇದು. ಬಳಗ ಒಂದಾ, ಕೆಲಸ ಬ್ಯಾರೆ. ಉಪ್ಪು ನಿಂತಲ್ಲಿ ನೀರು ನಿಲ್ತದ, ನೀರು ನಿಂತ್ರ ಬಿಪಿ ಏರ್ತದ.”

ಅತ್ತೆ ತುಸು ಯೋಚಿಸಿದಳು. “ಕಾಲುವಿ ಕೆಳಗಿನ ನಮ್ಮ ಎರಡೆಕರೆನೂ ಹಂಗಾ ಆಗ್ಯಾದ್ರಿ. ನೀರು ನಿಂತು, ಉಪ್ಪೆದ್ದು ಸವಳು ಬಿದ್ದದ.”

“ಹೊಲದ್ದು ನನಗ ಗೊತ್ತಿಲ್ಲವ್ವ.”

“ಅಂದ್ರ ಈಕಿ ಉಪ್ಪು ಕದ್ದು ತಿಂತಿದ್ದಿಲ್ಲೇನ್ರಿ?”

“ಇಲ್ಲ. ಆಕಿ ತಿಂದಿದ್ದಲ್ಲ, ಆಕಿ ಮೈ ಬಿಡ್ತಿದ್ದಿಲ್ಲ.”

ಅತ್ತೆ ಆಮೇಲೆ ಏನೂ ಮಾತಾಡಲಿಲ್ಲ. ಗಡಿಯಾರ ನಾನು ನೋಡಲಿಲ್ಲ, ಆದರೆ ಐದು ನಿಮಿಷಕ್ಕೆ ಕಡಿಮೆ ಇರಲಿಲ್ಲ. ಊರಿಗೆ ಹೋದವಳು ಪೆಟ್ಟಿಗೆಯ ಕೀಲಿ ತೆಗೆದು ಉಪ್ಪಿನ ಗಡಿಗೆಯನ್ನು ಇದ್ದ ಜಾಗದಲ್ಲಿ ಇಟ್ಟಳಂತೆ. ಸೊಸೆಯ ಮುಂದೆ ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳುವ ರೂಢಿ ನಮ್ಮ ಕಡೆ ಇಲ್ಲ. ಗಡಿಗೆ ಇಟ್ಟಳು, ಅಷ್ಟೇ.

ಗಂಟು ತ್ರಾಸಿಲ್ಲದೆ ತೆಗೆದರು. ಕಾಲಿಗೆ ಬಲ ಬಂತು, ಬಿಪಿ ಮೆಲ್ಲಮೆಲ್ಲಗೆ ಇಳಿದು ಒಂದು ಸಣ್ಣ ಗುಳಿಗೆಯ ಅಂಕೆಗೆ ಬಂದು ನಿಂತಿತು. ಮುಂದಿನ ಹಂಗಾಮಿನಲ್ಲಿ ಅಕ್ಕ ಮತ್ತೆ ಮೊದಲ ಸಾಲಿನಲ್ಲಿದ್ದಳು. ಅವಳ ಸಿಟ್ಟು ಮಾತ್ರ ಒಂದಿಷ್ಟೂ ಇಳಿಯಲಿಲ್ಲ. ಬಿಪಿ ಬೇರೆ, ಸಿಟ್ಟು ಬೇರೆ ಎಂದು ಊರಿಗೆ ಗೊತ್ತಾದದ್ದು ಹಾಗೆ.

ನಾನು ರಕ್ತ ತೆಗೆಯುವಾಗ ಮುಷ್ಟಿ ಆಡಿಸುವುದನ್ನು ಅಂದೇ ಬಿಟ್ಟೆ. ಕೂತ ಕೂಡಲೇ ತಾವಾಗಿಯೇ ಮುಷ್ಟಿ ಆಡಿಸುವ ಜನರ ಬೆರಳು ಬಿಚ್ಚುತ್ತ ಬಿಚ್ಚುತ್ತ ನನಗೂ ವಯಸ್ಸಾಯಿತು. ಅಕ್ಕನಿಗೆ ಹೇಳುವುದು ಮಾತ್ರ ಆಗಲಿಲ್ಲ. ಮೊದಲು ಅವಳು ಚೇತರಿಸಿಕೊಳ್ಳಲಿ ಅಂದುಕೊಂಡೆ. ಆಮೇಲೆ ಅವಳ ಮಗಳ ಮದುವೆ ಆಗಲಿ ಅಂದುಕೊಂಡೆ. ಆಮೇಲೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಏನು ಹೇಳಲಿ ಎಂಬ ಹೆದರಿಕೆಯೇ ಒಂದು ಕಾರಣವಾಯಿತು. ಹಬ್ಬಕ್ಕೆ ಹೋದಾಗ ಅವಳು ನನ್ನ ಎಲೆಗೆ ಹೋಳಿಗೆ ಬಡಿಸುವಾಗ ಎಷ್ಟೋ ಸಲ ಹೇಳಲು ಬಾಯಿ ತೆರೆದು, ತುಪ್ಪ ಕೇಳಿದ್ದೇನೆ.

ಸಿಸ್ಟರ್ ಎರಡನೆಯ ಸಲ ನನ್ನನ್ನು ಕೇಳಲಿಲ್ಲ. ನಿವೃತ್ತಿಯ ದಿನ ಶಾಲು ಹೊದಿಸಲು ಹೋದರೆ, “ಬಿಸಲಾಗ ಶಾಲು ಯಾಕ, ಆ ಬೆಂಚು ಕೊಡ್ರಿ” ಅಂದರು. ಕೊಟ್ಟೆವು. ಬಸ್ಸಿನ ಟಾಪಿನ ಮೇಲೆ ಬೆಂಚು ಕಟ್ಟಿಸಿ, ಕಂಡಕ್ಟರನ ಜೊತೆ ಜಗಳಾಡುತ್ತ ಸುರಪುರಕ್ಕೆ ಹೋದರು. ಬಸ್ಸು ಹತ್ತುವಾಗ ನನ್ನ ಕೈಯನ್ನು ಒಮ್ಮೆ ಹಿಡಿದು, “ಕೈ ಚಲೋ ಅದ ನಿಂದು” ಅಂದರು. ನನ್ನ ಜೀವಮಾನದಲ್ಲಿ ಅವರ ಬಾಯಿಂದ ಕೇಳಿದ ಹೊಗಳಿಕೆ ಅದೊಂದೇ.

ತೀರಿಕೊಂಡ ಸುದ್ದಿ ಬಂದಾಗ ನಾನು, ಅಕ್ಕ ಇಬ್ಬರೂ ಹೋದೆವು. ಬುದ್ಧವಂದನೆ ಮುಗಿದು, ಮಣ್ಣು ಕೊಟ್ಟು ಎಲ್ಲರೂ ಹಿಂದಿರುಗಿದ ಮೇಲೆ ಮನೆಯ ಮುಂದೆ ಬೇವಿನ ನೆರಳಲ್ಲಿ, ಗೋಡೆಗೆ ತಾಗಿ ಆ ಬೆಂಚು ಇತ್ತು. ಬಣ್ಣ ಹೋಗಿ, ಜನ ಕೂತು ಕೂತು ನಡುವೆ ನುಣ್ಣಗಾಗಿತ್ತು. ನಾವಿಬ್ಬರೂ ಅದರ ಮೇಲೆ ಕೂತೆವು. ಪಕ್ಕದಲ್ಲಿ ಪರಿಚಯವಿಲ್ಲದ ಒಬ್ಬಾಕೆ ಕೂತಿದ್ದಳು. ಅಕ್ಕ ಚಪ್ಪಲಿ ಬಿಟ್ಟಳು, ಬೆನ್ನು ಗೋಡೆಗೆ ಹಚ್ಚಿದಳು, ಕೈ ಬಿಚ್ಚಿ ತೊಡೆಯ ಮೇಲಿಟ್ಟಳು. ಮಾತಾಡಲಿಲ್ಲ. ಇನ್ನು ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ.

“ಅಕ್ಕ, ಆಗ ಮೊದಲನೇ ಸಲ ರಿಪೋರ್ಟು ಕೆಟ್ಟಿದ್ದು ಬಸ್ಸಿನಿಂದ ಅಲ್ಲ. ನಾ ನಿನ್ನ ಮುಷ್ಟಿ ಆಡಿಸಿ ರಕ್ತ ತಗದೆ, ಅದಕ್ಕಾ ಹಾಂಗಾತು. ನೀ ಹೊಲಗಾಲುವ್ಯಾಗ ಬಿದ್ದಿದ್ದು ನನ್ನ ಕೈಯಿಂದ.”

ಅಕ್ಕ ತಿರುಗಲಿಲ್ಲ. “ಗೊತ್ತದ” ಅಂದಳು.

“ಯಾರು ಹೇಳಿದ್ರು?”

“ಇವರಾ. ಎರಡನೇ ಸಲ ರಕ್ತ ತಗದ ದಿನ, ನೀ ಬಸ್ಸಿಗಿ ಕೊಡಾಕ ಹೋದಾಗ, ಇದಾ ಬೆಂಚಿನ ಮ್ಯಾಲ. ‘ತಪ್ಪು ನಿನ್ನ ತಂಗಿದು. ನಿನ್ನ ಜೀವದ ಮಾತು, ನಿನಗ ಗೊತ್ತಿರಬೇಕು. ಆದ್ರ ಆಕಿ ತಾನಾ ಬಂದು ಹೇಳೋತನಕ ನೀ ಬಾಯಿ ಬಿಡಬ್ಯಾಡ. ಸುಮ್ಮ ಕುಂಡ್ರೋದು ಕಲ್ತೀಯಲ್ಲ, ಹಾಂಗ ಕುಂಡ್ರು’ ಅಂದ್ರು.”

“ಹದಿನೆಂಟು ವರ್ಷ ಆತಲ್ಲಕ್ಕ.”

“ನೀ ಇಷ್ಟು ತಡಾ ಮಾಡ್ತಿ ಅಂತ ನನಗೇನು ಗೊತ್ತಿತ್ತು?”

ನಾನು ಅತ್ತುಬಿಟ್ಟೆ. ಸಿಸ್ಟರಿಗೆ ಮಣ್ಣು ಕೊಡುವಾಗ ಬಾರದ ಅಳು ಅಲ್ಲಿ ಬಂತು. ಅಕ್ಕ ಸ್ವಲ್ಪ ಹೊತ್ತು ಅಳಲು ಬಿಟ್ಟಳು, ಆಮೇಲೆ ನನ್ನ ಮಡಿಲಿಗೆ ಕೈ ಚಾಚಿ, “ಮುಷ್ಟಿ ಬಿಚ್ಚು ಮೊದಲ” ಎಂದು ಬೆರಳು ಒಂದೊಂದಾಗಿ ಬಿಚ್ಚಿದಳು. ಬಿಚ್ಚಿ ಮುಗಿಸಿ, ಪಕ್ಕದಲ್ಲಿ ಕೂತಿದ್ದಾಕೆಯ ಕಡೆ ತಿರುಗಿ, “ನಿಮ್ಮದು ಯಾವ ಊರಾತ್ರಿ?” ಎಂದು ಮಾತು ಶುರು ಮಾಡಿದಳು.